ಸಂಧಾನದ ಕೋಣೆ

ಕಳೆದ ತಿಂಗಳು ಬಾಣಂತಿ ಇರುವ ಮನೆಯಲ್ಲಿ ನಾನು ಗಂಟಲು ಹರಿಯುವಂತೆ ಕೂಗಾಡಿದೆ. ಮಗಳ ಬಾಣಂತನಕ್ಕೆಂದು ಮಗ ಅರಿಷ್ಟದ ಬಾಟಲಿ ತಂದಿದ್ದ. ಸೊಸೆ ಅದರ ಬಿರಡೆ ತಿರುಗಿಸಿದಳು. ಬೆಲ್ಲ, ಒಣದ್ರಾಕ್ಷಿ, ಲವಂಗ, ಅವುಗಳ ಅಡಿಯಲ್ಲಿ ಹೆಂಡದ್ದೇ ಒಂದು ಎಳೆ. ಆ ವಾಸನೆ ನಡುಮನೆಯವರೆಗೂ ಬಂತು. ನಾನು ಓದುತ್ತಿದ್ದ ಪೇಪರು ಮಡಚಿಟ್ಟೆ. ಅದರ ಹಿಂದೆಯೇ ಬೀಗಿತ್ತಿಯ ದನಿ ಕೇಳಿಸಿತು. ಪಾತ್ರೆ ತೊಳೆಯಲು ಬರುವ ಹುಡುಗಿಗೆ ಹೇಳುತ್ತಿದ್ದರು: "ಏ ಹುಡುಗಿ, ಹೊರಗಾಗಿದ್ರೆ ಈ ಕಡೆ ಬರಬ್ಯಾಡ ನೋಡು. ಔಷ್ದಿ ಕೆಟ್ಟು ಹೋಗ್ತೈತೆ."

"ಯಾವ ಔಷ್ದಿ ಕೆಡ್ತೈತೆ? ಯಾರು ಮುಟ್ಟಿ ಯಾವಾಗ ಕೆಟ್ಟೈತೆ? ಕಂಡೀರೇನು ನೀವು?" ಎಂದು ಶುರು ಮಾಡಿದವನು ಎಲ್ಲಿ ನಿಲ್ಲಿಸಿದೆನೋ ನನಗೇ ನೆನಪಿಲ್ಲ. ತೊಟ್ಟಿಲ ಕೂಸು ಎದ್ದು ಅತ್ತಿತು. ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಸೊಸೆ ಹತ್ತಿರ ಬಂದು, "ಮಾವಾ, ಬಿಪಿ ಮಾತ್ರೆ ತಗೊಂಡ್ರಾ?" ಎಂದಳು. ತೆಗೆದುಕೊಂಡಿದ್ದೆ. ಮಾತ್ರೆಗೆ ಇಳಿಯುವ ಸಿಟ್ಟಾಗಿದ್ದರೆ ನಲವತ್ತು ವರ್ಷಕ್ಕೂ ಹಿಂದೆಯೇ ಇಳಿದಿರುತ್ತಿತ್ತು.

ಬೀಗಿತ್ತಿಯ ಮೇಲೆ ಕೂಗಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವರು ಯಾರೋ ಹೇಳಿದ್ದನ್ನು ಹೇಳಿದರು. ನಾನು ಅದೇ ಮಾತನ್ನು ಆಯುಧ ಮಾಡಿಕೊಂಡು, ನನ್ನನ್ನು ತಮ್ಮ ಎಂದು ಕರೆದವಳ ಮೇಲೆ ಬೀಸಿದವನು. ಅದನ್ನು ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಚನ್ನಗಿರಿಯಲ್ಲಿ ವಾಲಿಬಾಲ್ ಆಡಿಕೊಂಡು ತಿರುಗುತ್ತಿದ್ದ ನನ್ನನ್ನು ಅಪ್ಪ ಹೊನ್ನಾಳಿಯ ಒಬ್ಬ ಪಂಡಿತರ ಔಷಧಶಾಲೆಗೆ ಸೇರಿಸಿದರು. ಶಾಲೆ ಎಂದರೆ ದೊಡ್ಡದೇನಲ್ಲ. ಪಂಡಿತರ ಮನೆಯ ಹಿಂದೆ ಒಂದು ಅಂಗಳ, ಅಂಗಳದ ಒಂದು ಪಕ್ಕ ಕಷಾಯ ಕುದಿಸುವ ಒಲೆಗಳು, ಇನ್ನೊಂದು ಪಕ್ಕ ಬಾಟಲಿ ತೊಳೆಯುವ ಜಾಗ, ಎದುರಿಗೆ ಒಂದು ಉದ್ದನೆಯ ಕತ್ತಲೆ ಕೋಣೆ. ಅಲ್ಲಿ ಚೂರ್ಣ, ಲೇಹ್ಯ, ತೈಲ ಎಲ್ಲವನ್ನೂ ಮಾಡುತ್ತಿದ್ದರು. ಆದರೆ ಪಂಡಿತರ ಹೆಸರು ನಡೆಯುತ್ತಿದ್ದುದು ದ್ರಾಕ್ಷಾರಿಷ್ಟದಿಂದ. ಕೆಮ್ಮಿಗೆ, ನಿಶ್ಶಕ್ತಿಗೆ, ಬಾಣಂತಿಗೆ, ಎಲ್ಲಕ್ಕೂ ಅದೇ. ಜಾತ್ರೆ ಚುನಾವಣೆಗೆ ಸಾರಾಯಿ ಅಂಗಡಿ ಮುಚ್ಚಿದ ದಿನ ನಿಶ್ಶಕ್ತಿಯವರು ಜಾಸ್ತಿಯಾಗುತ್ತಿದ್ದರು. ಪಂಡಿತರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದೂ ಗೊತ್ತಿತ್ತು.

ಒಣದ್ರಾಕ್ಷಿಯನ್ನು ನೀರಿನಲ್ಲಿ ಕುದಿಸಿ ಕಷಾಯ ಇಳಿಸಬೇಕು. ಅದರಲ್ಲಿ ಒಂದಿಷ್ಟು ಬೆಲ್ಲ ಕರಗಿಸಿದರೆ ಪಾಕ. ಪಾಕ ಆರಬೇಕು. ಆರಿದ ಮೇಲೆ ತುಪ್ಪ ಸವರಿದ ದೊಡ್ಡ ಮಣ್ಣಿನ ಹರವಿಗಳಿಗೆ ಅದನ್ನು ಹಾಕಿ, ಧಾತಕಿ ಎಂಬ ಸಣ್ಣ ಕೆಂಪು ಒಣ ಹೂಗಳನ್ನೂ ಮಸಾಲೆಯನ್ನೂ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ, ಕತ್ತಲೆ ಕೋಣೆಯಲ್ಲಿ ಭತ್ತದ ಹೊಟ್ಟಿನೊಳಗೆ ಕುತ್ತಿಗೆಯವರೆಗೆ ಹೂಳಬೇಕು. ಒಂದೆರಡು ದಿನದಲ್ಲಿ ಅದು ತಾನಾಗಿ ಹುದುಗಲು ಶುರುವಾಗುತ್ತದೆ. ಹರವಿಗೆ ಕಿವಿಯಿಟ್ಟರೆ ದೂರದಲ್ಲೆಲ್ಲೋ ಅನ್ನ ಕುದಿಯುತ್ತಿರುವಂಥ ಸದ್ದು. ಬೆಂಕಿಕಡ್ಡಿ ಗೀರಿ ಬಾಯಿಗೆ ಹಿಡಿದರೆ ಒಳಗಿನ ಗಾಳಿಗೆ ಅದು ಆರಿಹೋಗಬೇಕು. ಆರಿದರೆ ಕೆಲಸ ನಡೆಯುತ್ತಿದೆ ಎಂದರ್ಥ. ಹೀಗೆ ಹುದುಗುವುದಕ್ಕೆ ಪಂಡಿತರ ಶಾಸ್ತ್ರದಲ್ಲಿ ಸಂಧಾನ ಎಂದು ಹೆಸರು. ಆ ಕೋಣೆ ಸಂಧಾನದ ಕೋಣೆ.

ಆ ಕೋಣೆಗೊಂದು ಕಟ್ಟಳೆ ಇತ್ತು. ಅದರ ಹೊಸ್ತಿಲು ದಾಟಬಹುದಾದವರು ಗಂಡಸರು, ಇಲ್ಲವೇ ಮುಟ್ಟು ನಿಂತ ಹೆಂಗಸರು. ಮುಟ್ಟಾಗುವ ಹೆಂಗಸಿನ ನೆರಳು ಬಿದ್ದರೂ ಸಂಧಾನ ಮುರಿಯುತ್ತದೆ ಎಂದು ಪಂಡಿತರು ಹೇಳುತ್ತಿದ್ದರು. ಹೆಂಗಸಿಗೆ ಕೊಡುತ್ತಿದ್ದ ಕೂಲಿಗೆ ಹರವಿ ತೊಳೆಯಲು ಗಂಡಸರು ಯಾರೂ ಬರುತ್ತಿರಲಿಲ್ಲ. ಹೀಗಾಗಿ ಶಾಸ್ತ್ರಕ್ಕೂ ಕೂಲಿಗೂ ಹೊಂದುವ ಒಬ್ಬ ವಯಸ್ಸಾದ ಹೆಂಗಸನ್ನು ಹುಡುಕಬೇಕಾಗಿತ್ತು.

ಹಾಗೆ ಬಂದವಳು ಓಬಮ್ಮ. ಜಗಳೂರು ಕಡೆಯವಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ ಮೇಲೆ ಮಗಳು ರತ್ನಳ ಕೈ ಹಿಡಿದುಕೊಂಡು ಹೊಳೆಯಿರುವ ಊರಿಗೆ ಬಂದಿದ್ದಳು. ಮಾವಿನಕಾಯಿ ಕಾಲದಲ್ಲಿ ನಾಲ್ಕು ಮನೆಗೆ ಉಪ್ಪಿನಕಾಯಿ ಹಾಕಿಕೊಟ್ಟು, ಬೇಸಿಗೆಯಲ್ಲಿ ಸಂಡಿಗೆ ಹಪ್ಪಳ ಮಾಡಿಕೊಟ್ಟು ಬದುಕುತ್ತಿದ್ದಳು. ಬಿಸಿಲಿಗೆ ಸುಟ್ಟ ಮುಖ, ಮುಂದಲೆಯಲ್ಲಿ ಬೇಗನೆ ಬಂದ ನರೆ. ಪಂಡಿತರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಅವರು ಓಬಮ್ಮನನ್ನು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿ, "ನಿಂದು ನಿಂತೈತೇನೇ?" ಎಂದು ಕೇಳಿದರು. "ನಿಂತು ಎರಡು ವರ್ಷಾತು ಅಮ್ಮಾರೆ" ಎಂದಳು ಓಬಮ್ಮ. ಅವತ್ತೇ ಕೆಲಸವಾಯಿತು.

ಮಾತಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮೊದಲ ದಿನ ಕೋಣೆಯ ಹೆಸರು ಕೇಳಿ, "ಸಂಧಾನದ ಕ್ವಾಣೆನಾ? ಹಂಗಾರೆ ನನ್ ಗಂಡನ್ನೂ ಒಂದು ಹರವ್ಯಾಗೆ ಹಾಕಿ ಹೂತಿಟ್ರೆ ತಿಂಗಳಿಗೆ ಸರಿಹೋಗ್ತಾನೇನ್ರಿ ಪಂಡಿತ್ರೇ?" ಎಂದಳು. ಬಾಟಲಿ ತೊಳೆಯುವ ಹೆಂಗಸರು ನಕ್ಕರು. ಪಂಡಿತರೂ ಮೀಸೆಯೊಳಗೆ ನಕ್ಕರು. ನನ್ನನ್ನು ಅವಳು ತಮ್ಮ ಎಂದಳು. ರತ್ನ ಸಂಜೆ ಶಾಲೆಯಿಂದ ಅಂಗಳಕ್ಕೆ ಬಂದರೆ ನಾನು ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. "ಏಳನೇದು ಪಾಸಾದ್ರೆ ಬಾಲವಾಡಿ ಟೀಚರ್ ಆಗಬಹುದಂತೆ ತಮ್ಮಾ. ನೆಳ್ಳಾಗೆ ಕುಂತು ತಿನ್ನೋ ಅನ್ನ" ಎಂದು ಓಬಮ್ಮ ಹೇಳುತ್ತಿದ್ದಳು. ಮಾರ್ಚ್ ಕೊನೆಯ ಆ ಪರೀಕ್ಷೆ ದಾಟುವವರೆಗೆ ಈ ಕೆಲಸ ಉಳಿದರೆ ಸಾಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಒಂದು ಬೆಳಗ್ಗೆ ಹೊಳೆಗೆ ಈಜಲು ಹೋದವನು, ಜನ ಸೇರುವ ಸೋಪಾನ ಬಿಟ್ಟು ಬಹಳ ಕೆಳಗೆ, ಜಾಲಿಗಿಡಗಳ ಮರೆಯಲ್ಲಿ ಓಬಮ್ಮ ಬಟ್ಟೆ ಒಗೆಯುವುದನ್ನು ಕಂಡೆ. ಎಂಥ ಬಟ್ಟೆ ಎಂದು ಹೇಳಬೇಕಿಲ್ಲ. ನೀರು ಕೆಂಪಗೆ ಹರಿಯುತ್ತಿತ್ತು. ತಿರುಗಿ ಹೋಗುವಷ್ಟರಲ್ಲಿ ಅವಳು ನೋಡಿಬಿಟ್ಟಳು.

"ನಿಲ್ಲು ತಮ್ಮಾ" ಎಂದಳು. "ಕಂಡಿದ್ದು ಕಂಡೆ. ನಂಗೆ ನಿಂತಿಲ್ಲ. ಸುಳ್ಳು ಹೇಳಿ ಸೇರ್ಕೊಂಡೀನಿ. ಆದ್ರೆ ದೇವ್ರಾಣೆ, ಆ ಮೂರು ದಿವ್ಸ ಒಂದಪನೂ ಆ ಕ್ವಾಣೆ ಒಳಗೆ ಕಾಲಿಟ್ಟಿಲ್ಲ. ನೋಡಿಲ್ವೇನು, ತಿಂಗಳಿಗೊಮ್ಮೆ ಹೂವು ತರಾಕೆ ಉಬ್ರಾಣಿಗೆ ಹೋಗಲ್ವಾ ನಾನು? ಅವೇ ಆ ದಿವ್ಸ. ಇವತ್ತೂ ಅಲ್ಲಿಗೇ ಹೊಂಟೀನಿ."

ಧಾತಕಿ ಹೂವು ಉಬ್ರಾಣಿ ಕಡೆಯ ಕುರುಚಲು ಕಾಡಿನಿಂದ ಬರುತ್ತಿತ್ತು. ಅಲ್ಲಿ ಹೋಗಿ, ಯಾರದೋ ಜಗುಲಿಯಲ್ಲಿ ಮಲಗಿ, ಹೂವು ಕೊಂಡು ತರುವ ಕೆಲಸವನ್ನು ಅವಳು ತಾನಾಗಿ ಕೇಳಿ ಪಡೆದಿದ್ದಳು. ಎಂಥ ನಿಯತ್ತಿನ ಹೆಂಗಸು ಎಂದು ಅಮ್ಮ ಹೊಗಳಿದ್ದರು.

"ನನ್ ಮಗಳ ಪರೀಕ್ಷೆ ನಿನ್ ಬಾಯಾಗೈತೆ ಈಗ" ಎಂದಳು ಓಬಮ್ಮ. "ಅಕ್ಕಾ, ನಾನು ಯಾರಿಗೂ ಹೇಳಲ್ಲ" ಎಂದೆ. ಸೊಂಟದ ಮಟ್ಟ ನೀರಿನಲ್ಲಿ ನಿಂತು ಹೇಳಿದೆ. ಹೊಳೆಯಲ್ಲಿ ನಿಂತು ಕೊಟ್ಟ ಮಾತು ದೊಡ್ಡದು ಎಂದು ನಮ್ಮಲ್ಲಿ ಹೇಳುತ್ತಾರೆ. ಹೇಳುವವರು ಹೇಳುತ್ತಾರೆ, ಅಷ್ಟೇ.

ಆ ಬೇಸಿಗೆ ಬೇಗ ಬಂತು. ಶಿವರಾತ್ರಿ ಕಳೆದದ್ದೇ ತಡ, ಮಧ್ಯಾಹ್ನ ಅಂಗಳದ ಕಲ್ಲಿನ ಮೇಲೆ ಕಾಲಿಡಲಾಗುತ್ತಿರಲಿಲ್ಲ. ಹಿಂದಿನ ವರ್ಷವಷ್ಟೇ ಪಂಡಿತರು ಕೋಣೆಯ ನಾಡಹೆಂಚು ತೆಗೆಸಿ ತಗಡು ಹೊದಿಸಿದ್ದರು. ಮಂಗಗಳ ಕಾಟ ತಪ್ಪಿತು, ಕೋಣೆ ಒಲೆಯಾಯಿತು. ಅದೇ ಹೊತ್ತಿಗೆ ಶಿವಮೊಗ್ಗ, ದಾವಣಗೆರೆಯ ಅಂಗಡಿಗಳು ಅರಿಷ್ಟ ಇನ್ನಷ್ಟು ಬೇಕು, ಇನ್ನಷ್ಟು ಖಡಕ್ಕಾಗಿ ಬೇಕು ಎಂದವು. ಪಂಡಿತರು ಒಂದು ದಿನ ನನ್ನನ್ನು ಕರೆದು, "ಬೆಲ್ಲ ಒಂದೂವರೆಪಟ್ಟು ಹಾಕೋ ಮಂಜಪ್ಪ. ಬೆಲ್ಲ ಹೆಚ್ಚಾದ್ರೆ ಬಲ ಹೆಚ್ಚು" ಎಂದರು. ಗ್ರಂಥದಲ್ಲಿ ಹಾಗೆ ಇರಲಿಲ್ಲ. ಗ್ರಂಥ ಅವರಿಗೆ ಬೇಕಾದಾಗ ತೆರೆದುಕೊಳ್ಳುತ್ತಿತ್ತು, ಬೇಡವಾದಾಗ ಮುಚ್ಚಿಕೊಳ್ಳುತ್ತಿತ್ತು.

ಆ ದಿನ ಓಬಮ್ಮ ಉಬ್ರಾಣಿಯಲ್ಲಿದ್ದಳು. ಒಂದು ಸಾಲು ಹರವಿಗಳಿಗೆ ಪಾಕ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಂಜೆ ನ್ಯಾಮತಿಯಲ್ಲಿ ವಾಲಿಬಾಲ್ ಪಂದ್ಯ. ಸುತ್ತಲಿನ ತಂಡಗಳೆಲ್ಲ ಬರುವ ಪಂದ್ಯ. ಹೊನ್ನಾಳಿ ತಂಡದಲ್ಲಿ ಬಲೆಯ ಹತ್ತಿರ ಚೆಂಡು ಎತ್ತಿಕೊಡುವವನು ನಾನೇ. ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಒಬ್ಬ ಹಿತ್ತಿಲ ಗೋಡೆಯಿಂದ ಇಣುಕಿ, "ಏ ಪಂಡಿತ, ಕಷಾಯ ಕುಡ್ಕೊಂಡು ಇಲ್ಲೇ ಇರ್ತೀಯೋ, ಬರ್ತೀಯೋ?" ಎಂದು ಕೂಗಿದ.

ಕೊಪ್ಪರಿಗೆಯಲ್ಲಿ ಪಾಕ ಇನ್ನೂ ಹಬೆಯಾಡುತ್ತಿತ್ತು. ಬೆರಳಿಟ್ಟರೆ ಸುಡುತ್ತಿತ್ತು. ಬೆರಳು ತಡೆಯುವಷ್ಟು ಆರಿದ ಮೇಲೆ ತುಂಬಬೇಕು, ಮಿಕ್ಕ ಬೆಲ್ಲವನ್ನು ಎರಡು ಮೂರು ಕಂತಿನಲ್ಲಿ ದಿನ ಬಿಟ್ಟು ದಿನ ಸೇರಿಸಬೇಕು ಎಂದು ಸೇರಿದ ಮೊದಲ ವಾರವೇ ನನಗೆ ಕಲಿಸಿದ್ದರು. ಇಷ್ಟು ದೊಡ್ಡ ಹರವಿಯಲ್ಲಿ ಹೇಗಿದ್ದರೂ ಆರುತ್ತದೆ ಎಂದುಕೊಂಡೆ. ಹೂವಿನ ಮೇಲೆ ಸುಡುವ ಪಾಕ ಸುರಿದೆ. ಮಿಕ್ಕ ಬೆಲ್ಲ ಅಷ್ಟನ್ನೂ ಒಂದೇ ಸಲ ಸುರಿದೆ. ಬಟ್ಟೆ ಕಟ್ಟಿ ಓಡಿದೆ. ಪಂದ್ಯ ಗೆದ್ದೆವು. ಯಾರೋ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡರು. ಆ ಹೆಗಲಿನಿಂದ ನಾನು ಅವತ್ತೇ ಬಿದ್ದು ಸೊಂಟ ಮುರಿದುಕೊಂಡಿದ್ದರೆ ಚೆನ್ನಾಗಿತ್ತು.

ಮರುದಿನ ಹರವಿಗಳಿಗೆ ಕಿವಿಯಿಟ್ಟೆ. ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಬೆಂಕಿಕಡ್ಡಿ ಗೀರಿ ಹಿಡಿದರೆ ಅದು ನನ್ನ ಬೆರಳು ಸುಡುವವರೆಗೆ ನೆಟ್ಟಗೆ ಉರಿಯಿತು. ಆಮೇಲೆ ಒಂದೆರಡು ಹರವಿಗಳಲ್ಲಿ ಏನೋ ಮಿಸುಕಿದಂತಾಯಿತು. ಜೊತೆಗೇ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಮಿಕ್ಕವು ಹುಳಿಗಟ್ಟಿದವು. ವಾಸನೆ ಕೋಣೆ ದಾಟಿ, ಅಂಗಳ ದಾಟಿ, ಪೂಜೆಗೆ ಕುಳಿತ ಪಂಡಿತರ ಮೂಗಿಗೆ ತಲುಪಿತು.

ಅವರು ಮಡಿಪಂಚೆಯಲ್ಲೇ ಅಂಗಳಕ್ಕೆ ಬಂದರು. ಅಮ್ಮ ಬಂದರು. ಬಾಟಲಿ ತೊಳೆಯುವ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಪಂಡಿತರು ನನ್ನನ್ನೇ ಕೇಳಿದರು, "ಮಂಜಪ್ಪ, ನಿನ್ನ ಕೈಯಾಗೆ ಏನಾರ ಹೆಚ್ಚುಕಮ್ಮಿ ಆತೇನೋ?"

ಆಗ ನನ್ನ ಬಾಯಿಂದ ಬಂದದ್ದು ಇದು: "ಪಂಡಿತ್ರೇ, ಓಬಮ್ಮಗೆ ಇನ್ನೂ ನಿಂತಿಲ್ರಿ."

ಕೇಳಿದ ಪ್ರಶ್ನೆ ಯಾವುದು, ಹೇಳಿದ ಉತ್ತರ ಯಾವುದು! ನನ್ನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಪ್ಪಟ ನಿಜ ಹೇಳಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂದು ನಾನು ಕಲಿತದ್ದು ಆ ಅಂಗಳದಲ್ಲಿ. ಹೆಂಗಸರ ಗುಂಪಿನಿಂದ "ಅಯ್ಯಯ್ಯೋ" ಎಂದು ಒಂದು ದನಿ ಬಂತು. ಅಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡರು. ಪಂಡಿತರ ಮುಖ ಮಾತ್ರ ನನಗೆ ಇವತ್ತಿಗೂ ಮರೆಯುವುದಿಲ್ಲ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ನೆಮ್ಮದಿ. ತಗಡು ಹೊದಿಸಿದ್ದು ಅವರು, ಬೆಲ್ಲ ಹೆಚ್ಚಿಸಿದ್ದು ಅವರು. ನನ್ನ ಮಾತು ನನ್ನೊಬ್ಬನನ್ನೇ ಅಲ್ಲ, ಅವರನ್ನೂ ಉಳಿಸಿತ್ತು. "ಅದಕ್ಕೇ ನೋಡು" ಎಂದರು. ಪಾಕದ ವಿಷಯ ಇನ್ನೊಮ್ಮೆ ಕೇಳಲಿಲ್ಲ. ಅವರಿಗೆ ಕೇಳುವುದು ಬೇಕಿರಲಿಲ್ಲ.

ಅವತ್ತು ಮಧ್ಯಾಹ್ನ ಓಬಮ್ಮ ಹೂವಿನ ಚೀಲ ಹೊತ್ತು ಬಸ್ ಸ್ಟ್ಯಾಂಡಿನಿಂದ ಬಂದಳು. ಅಮ್ಮ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅಲ್ಲೇ ನಿಲ್ಲೇ. ನಿಂತೈತೆ ಅಂತ ನನ್ನ ಮುಂದೆ ಹೇಳಿರ್ಲಿಲ್ಲೇನೇ ನೀನು?"

ಓಬಮ್ಮ ಚೀಲ ಇಳಿಸಲಿಲ್ಲ. ಅಮ್ಮನ ಭುಜದ ಮೇಲಿನಿಂದ ನನ್ನ ಕಡೆ ಒಂದು ಸಲ ನೋಡಿದಳು. ಅವಳಿಗೆ ಗೊತ್ತಾಯಿತು.

"ಹೇಳಿದ್ದೆ ಅಮ್ಮಾರೆ. ಸುಳ್ಳು ಹೇಳಿದ್ದೆ, ತಪ್ಪಾತು. ಆದ್ರೆ ಆ ದಿವ್ಸದಾಗೆ ನಾ ಕ್ವಾಣೆ ಹೊಸ್ಲು ದಾಟಿಲ್ಲ. ಅವಾಗೆಲ್ಲ ಉಬ್ರಾಣಿಗೆ ಹೂವಿಗೆ ಹೋಗಿರ್ತಿದ್ದೆ, ನೀವೇ ಕಳಿಸ್ತಿದ್ರಲ್ಲ."

ತನ್ನನ್ನು ಉಳಿಸುತ್ತದೆಂದು ಅವಳು ಹೇಳಿದ ಮಾತೇ ಅವಳ ಕೊರಳಿಗೆ ಬಿತ್ತು. ಅಮ್ಮ ಚೀರಿದರು: "ಹಂಗಾರೆ ಮುಟ್ಟಾಗೇ ಹೂವು ಮುಟ್ಟಿದ್ಯೇನೇ ಇಷ್ಟು ದಿನ? ಎಲ್ಲಾ ಹೂವೂ ಮೈಲಿಗೆ ಹೂವೇನೇ?"

ಚೀಲವನ್ನು ಒಳಗೆ ತರಗೊಡಲಿಲ್ಲ. ಅದನ್ನು ಬೀದಿಯಲ್ಲೇ ಸುರಿಸಿದರು. ಕೆಂಪು ಹೂವು ಧೂಳಿನಲ್ಲಿ ಹರಡಿಕೊಂಡಿತು. ದನಗಳು ಮೂಸಿ ಮುಂದೆ ಹೋದವು.

ಇಲ್ಲಿ ನನ್ನ ಸಿಟ್ಟು ನನ್ನೊಬ್ಬನ ಮೇಲೆ ನಿಲ್ಲುವುದಿಲ್ಲ. ಹಿಂದಿನ ತಿಂಗಳುಗಳ ಅರಿಷ್ಟವೆಲ್ಲ ಅವಳು ಅವೇ ದಿನಗಳಲ್ಲಿ ತಂದ ಹೂವಿನಿಂದಲೇ ಆದದ್ದು. ಒಂದು ಹರವಿಯೂ ಕೆಟ್ಟಿರಲಿಲ್ಲ. ಅಂದರೆ ಪಂಡಿತರ ಕಟ್ಟಳೆ ಬುಡದಲ್ಲೇ ಸುಳ್ಳು. ಅಂಗಳದಲ್ಲಿದ್ದ ಯಾರಿಗೆ ಬೇಕಾದರೂ ಅದು ಹೊಳೆಯಬೇಕಿತ್ತು. ಇಲ್ಲ, ಕಟ್ಟಳೆ ನಿಜವೆಂದೇ ಇಟ್ಟುಕೊಳ್ಳಿ, ಹಾಗಾದರೆ ಅಷ್ಟೂ ಅರಿಷ್ಟ ಮೈಲಿಗೆ, ಅದನ್ನು ಚರಂಡಿಗೆ ಚೆಲ್ಲಬೇಕಿತ್ತು. ಎರಡೂ ಆಗಲಿಲ್ಲ. ಒಳಕೋಣೆಯಲ್ಲಿ ಸಾಲಾಗಿ ನಿಂತಿದ್ದ ಬಾಟಲಿಗಳಿಗೆ ಮರುದಿನವೂ ಚೀಟಿ ಅಂಟಿಸಿದೆವು. ಅಂಟಿಸಿದವನು ನಾನೇ. ಹೂವು ಮೈಲಿಗೆ, ಹೂವಿನ ರಸ ಮಾರಾಟಕ್ಕೆ ಶುದ್ಧ!

ಹೊನ್ನಾಳಿಯಂಥ ಊರಿನಲ್ಲಿ ಈ ಮಾತು ಹರಡಲು ಒಂದು ಸಂಜೆ ಸಾಕು. ಮಾವಿನಕಾಯಿ ಆಗಷ್ಟೇ ಸಂತೆಗೆ ಬರುತ್ತಿತ್ತು. ಉಪ್ಪಿನಕಾಯಿ ಜಾಡಿಗೂ ಅದೇ ಕಟ್ಟಳೆಯಲ್ಲವೇ? ಸುಳ್ಳು ಹೇಳಿ ಮುಟ್ಟುವ ಹೆಂಗಸನ್ನು ಯಾವ ಮನೆ ಕರೆದೀತು? ಪ್ರತಿ ವರ್ಷ ಕರೆಯುತ್ತಿದ್ದ ಮನೆಗಳು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದವು. ಅವಳಿದ್ದ ಬಾಡಿಗೆ ಕೋಣೆಯವರು, "ನಮ್ ಬಾವಿ ನೀರು ನೀನು ಸೇದಬ್ಯಾಡ" ಎಂದರು. ಪರೀಕ್ಷೆ ಮುಗಿಯುವ ತನಕ ಇರಲು ಬಿಡಿ ಎಂದು ಓಬಮ್ಮ ಅವರ ಕಾಲು ಹಿಡಿದಳಂತೆ. ಬಿಡಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವರಿಬ್ಬರನ್ನೂ ಕಂಡೆ. ಸೈಕಲ್ ಅಂಗಡಿಯ ಮರೆಯಲ್ಲಿ ನಿಂತು ನೋಡಿದೆ. ಓಬಮ್ಮನ ತಲೆಯ ಮೇಲೆ ಗಂಟು. ರತ್ನ ಪುಸ್ತಕದ ಚೀಲವನ್ನು ಬೆನ್ನಿಗೆ ಹಾಕದೆ ಎದೆಗೆ ಅವುಚಿಕೊಂಡಿದ್ದಳು. ಪರೀಕ್ಷೆ ಮರುವಾರ. ಭಿನ್ನರಾಶಿ ಕೂಡುವುದು ಅವಳಿಗೆ ಆಗಷ್ಟೇ ಸಲೀಸಾಗಿತ್ತು. ಬಸ್ಸು ಬಂತು, ಹತ್ತಿದರು, ಹೋಯಿತು. ಅಷ್ಟೇ. ನಾನು ಹೋಗಿ ಒಲೆಗೆ ಬೆಂಕಿ ಹಾಕಿದೆ.

ಆಮೇಲೆ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ತೋಟಗಾರಿಕೆ ಇಲಾಖೆಯಲ್ಲಿ 'ಡಿ' ದರ್ಜೆಯದು. ಎಂಬತ್ತರ ದಶಕದ ನಡುವೆ ಜಗಳೂರಿಗೆ ವರ್ಗವಾಯಿತು. ಅಲ್ಲಿಗೆ ಹೋಗುವ ಮೊದಲು ಹಣ್ಣು ಸಂಸ್ಕರಣೆಯ ತರಬೇತಿಗೆಂದು ನಮ್ಮನ್ನು ಒಂದು ವಾರ ಕೂರಿಸಿದರು. ಜಾಮು, ಜೆಲ್ಲಿ, ಕೊನೆಯ ದಿನ ದ್ರಾಕ್ಷಿ ವೈನು. ಹೇಳಿಕೊಡಲು ಬಂದವರು ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರಾದ ಒಬ್ಬ ಮೇಡಂ. ಗಾಜಿನ ಪಾತ್ರೆಯಲ್ಲಿ ಗುಳ್ಳೆ ಏಳುತ್ತಿದ್ದ ರಸವನ್ನು ತೋರಿಸಿ, "ಇದನ್ನ ಮಾಡ್ತಿರೋದು ನಾವಲ್ಲ, ಯೀಸ್ಟ್. ಕಣ್ಣಿಗೆ ಕಾಣದ ಜೀವಿ. ಸಕ್ಕರೆ ತಿನ್ನುತ್ತೆ, ಮದ್ಯ ಬಿಡುತ್ತೆ" ಎಂದರು. ಪಂಡಿತರ ಹರವಿಯಲ್ಲಿ ಅದು ಹೂವಿನ ಜೊತೆ ಬರುತ್ತಿತ್ತು ಎಂದು ನನಗೆ ತಿಳಿದದ್ದು ಆಗ.

ಆ ಮೇಡಂ ಹೇಳಿದ್ದು ನನಗೆ ಇನ್ನೂ ಬಾಯಿಪಾಠ. ಈ ಜೀವಿಗೆ ಇರುವುದೆಲ್ಲ ಕಷ್ಟವೇ. ಮೊದಲು ಸಕ್ಕರೆಯ ಕಷ್ಟ. ಉಪ್ಪು ಹಚ್ಚಿದ ಮಾವಿನಹೋಳು ನೀರು ಬಿಡುವ ಹಾಗೆ, ಸಕ್ಕರೆ ಹೆಚ್ಚಾದರೆ ಅದರ ಮೈಯ ನೀರೆಲ್ಲ ಹೊರಗೆ ಎಳೆದುಹೋಗುತ್ತದೆ. ಆಗ ಅದು ಮೈಯೊಳಗೇ ಗ್ಲಿಸರಿನ್ನಿನಂಥದ್ದನ್ನು ಮಾಡಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಸೆಕೆಯ ಕಷ್ಟ. ಅದಕ್ಕೂ ಒಂದು ಬಗೆಯ ಸಕ್ಕರೆಯನ್ನು ಒಳಗೆ ಕೂಡಿಟ್ಟು ತನ್ನ ಅಂಗಾಂಗ ಬೇಯದಂತೆ ಕಾಪಾಡಿಕೊಳ್ಳುತ್ತದೆ. ಕೊನೆಗೆ ತಾನೇ ಬಿಟ್ಟ ಮದ್ಯದ ಕಷ್ಟ. ಅದು ಏರಿದಂತೆ ತನ್ನ ಮೈಯ ಪೊರೆಯನ್ನೇ ಬದಲಿಸಿಕೊಳ್ಳುತ್ತದೆ. ತೀರಾ ತಾಳದಾದಾಗ ಕೆಟ್ಟ ವಾಸನೆ ಬಿಟ್ಟು ಹೇಳುತ್ತದೆ.

"ಅದಕ್ಕೆ ಕಷ್ಟ ಕೊಡಬೇಡಿ ಅಂತಲ್ಲ" ಎಂದರು ಮೇಡಂ. "ಸ್ವಲ್ಪ ಸ್ವಲ್ಪ ಕೊಡಿ. ಹೊತ್ತು ಕೊಡಿ. ಕಲಿತುಕೊಳ್ಳುತ್ತೆ. ಎಲ್ಲಾ ಕಷ್ಟ ಒಂದೇ ಸಲ ಮೇಲೆ ಸುರಿದರೆ ಮಾತ್ರ ಯಾವ ಯೀಸ್ಟೂ ಉಳಿಯಲ್ಲ."

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. "ಮೇಡಂ, ಮುಟ್ಟಾದ ಹೆಂಗಸು ಹತ್ರ ಹೋದ್ರೆ ಸಾಯ್ತೈತೇನ್ರಿ ಇದು?" ಎಂದೆ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಮೇಡಂ ನಗಲಿಲ್ಲ. "ನಾನು ಈ ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ದಿನಾ ಇದೇ ಪಾತ್ರೆಗಳ ಮುಂದೆ ಇರ್ತೀನಿ. ತಿಂಗಳಿಗೆ ಮೂರು ದಿನ ರಜ ಹಾಕಿಲ್ಲ. ನೀವೇ ಯೋಚನೆ ಮಾಡಿ" ಎಂದರು.

ನನ್ನ ಮೂರ್ಖತನ ನೋಡಿ. ಇಷ್ಟು ತಿಳಿದದ್ದೇ ನನಗೆ ಪ್ರಾಯಶ್ಚಿತ್ತ ಸಿಕ್ಕಿದಂತೆ ಅನ್ನಿಸಿತು. ಓಬಮ್ಮನ ಮುಂದೆ ಇದನ್ನು ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡೆ. ಜಗಳೂರಿಗೆ ಹೋದ ಮೇಲೆ ಅವಳ ಹಳ್ಳಿ ಪತ್ತೆ ಮಾಡಿ, ಒಂದು ಭಾನುವಾರ ಹೋದೆ.

ಮನೆ ಮುಂದೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದಳು.

"ಮಂಜಪ್ಪನೇನೋ?" ಎಂದಳು. ತಮ್ಮ ಎನ್ನಲಿಲ್ಲ. "ಬಿಸ್ಲಾಗೆ ಯಾಕ್ ನಿಂತೀಯ, ಕೂತ್ಕೋ."

ರತ್ನ ಎಲ್ಲಿ ಎಂದು ಕೇಳಿದೆ. "ಶೇಂಗಾ ಬಿಡಿಸಾಕೆ ಹೋಗ್ಯಾಳೆ. ಲಗ್ನಾತು, ಎರಡು ಹುಡುಗ್ರು." ಕಲ್ಲಿನಿಂದ ಒಂದು ಹಣ್ಣು ಜಜ್ಜಿದಳು. "ಏಳನೇದು ಕಟ್ಟಲಿಲ್ಲ" ಎಂದಳು.

ನಾನು ಹೇಳತೊಡಗಿದೆ. ಸುಡುವ ಪಾಕ ಸುರಿದದ್ದು, ನ್ಯಾಮತಿಯ ಆಟ, ಬೆಲ್ಲ, ತಗಡು, ಯೀಸ್ಟು. ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಕುಟ್ಟುವುದನ್ನು ನಿಲ್ಲಿಸದೆ ಕೇಳಿದಳು. ನನಗೆ ಮಾತು ಸಲೀಸಾಯಿತು, ಹುಮ್ಮಸ್ಸೂ ಬಂತು. "ಒಂದೊಂದೇ ಕಷ್ಟ ಬಂದ್ರೆ ಆ ಜೀವಿ ತಡಕೊಳ್ತೈತೆ ಅಕ್ಕಾ, ಎಲ್ಲಾ ಒಟ್ಟಿಗೇ ಬಂದ್ರೆ ಆಗಲ್ಲ. ನಿನಗೂ ಹಂಗೇ ಆತು" ಎಂದೆ.

ಕಲ್ಲು ನಿಂತಿತು.

"ನಾನೇನು ನಿನ್ ಹರವ್ಯಾಗಿನ ಹುಳ ಏನೋ?" ಎಂದಳು. "ನಾ ಮುಟ್ಟಿದ್ದಕ್ಕೆ ಕೆಡಲಿಲ್ಲ ಅಂತ ಹೇಳಾಕೆ ಬಸ್ ಹತ್ತಿ ಬಂದ್ಯಾ? ಅದು ನಂಗೆ ಗೊತ್ತಿರ್ಲಿಲ್ವಾ? ಅವತ್ತು ನಾ ಊರಾಗೇ ಇರ್ಲಿಲ್ವಲ್ಲೋ!"

"ತಪ್ಪಾತು ಅಕ್ಕಾ, ಪಾಕ..."

"ಪಾಕ ಹಾಳಾಗ್ಲಿ. ಕೈ ತಪ್ಪೋದು ಎಲ್ರಿಗೂ ಐತೆ. ಹೊಳ್ಯಾಗೆ ನಾ ಹೇಳಿದ್ದನ್ನ ಅಂಗಳದಾಗೆ ಹೇಳಿದ್ಯಲ್ಲ, ಅದು ಕೈ ತಪ್ಪಿದ್ದಲ್ಲ. ಆ ಹುಳ ಎಲ್ಲಾ ಬದುಕಿದ್ರೂ ಇನ್ನೊಂದಿವ್ಸ ಇನ್ನೊಂದಕ್ಕೆ ಹೇಳ್ತಿದ್ದೆ ನೀನು."

ಪಕ್ಕದ ಮನೆಯ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತಳು. ನಾನು ದನಿ ತಗ್ಗಿಸಿ, "ಹಂಗಾರೆ ಏನ್ ಮಾಡ್ಲಿ ಹೇಳು" ಎಂದೆ.

ಅವಳು ತಗ್ಗಿಸಲಿಲ್ಲ. "ಪಂಡಿತ್ರು ಬದುಕವ್ರಂತಲ್ಲ. ಅಮ್ಮಾರೂ ಅವ್ರಂತೆ. ಎಲ್ಲಿ ಹೇಳಿದ್ಯೋ ಅಲ್ಲೇ ಹೋಗಿ ನಿಂತು ಹೇಳು, ಪಾಕ ಸುರಿದಿದ್ದು ನಾನು ಅಂತ. ಅಷ್ಟೇ ಮಾತು. ಹೇಳಿ ಬಾ, ನಿಂಗೆ ಚಾ ಮಾಡಿ ಕೊಡ್ತೀನಿ. ಅಲ್ಲೀ ತಂಕ ಇಲ್ಲಿ ನೀರೂ ಕುಡೀಬ್ಯಾಡ."

ಮುಂದಿನ ಭಾನುವಾರವೇ ಹೊನ್ನಾಳಿಗೆ ಹೋದೆ. ಹೋಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅಂಗಳ ಹಾಗೇ ಇತ್ತು. ಪಂಡಿತರು ಹಣ್ಣಾಗಿದ್ದರು, ಕೋಲು ಹಿಡಿದು ನಡೆಯುತ್ತಿದ್ದರು. "ಬಾರಪ್ಪ ಸರ್ಕಾರಿ ನೌಕರ!" ಎಂದು ನನ್ನ ಬೆನ್ನು ತಟ್ಟಿದರು. ನನ್ನನ್ನು ಅಂಗಳದಲ್ಲೇ ಕುರ್ಚಿ ಹಾಕಿಸಿ ಕೂರಿಸಿದರು. ಕುರ್ಚಿಯ ಮೇಲೆ ಆ ಮನೆಯಲ್ಲಿ ನಾನು ಕೂತದ್ದು ಅದೇ ಮೊದಲು. ಅಮ್ಮ ಚಹಾ ತಂದರು. ಬಾಟಲಿ ತೊಳೆಯುವ ಜಾಗದಲ್ಲಿ ಬೇರೆ ಹೆಂಗಸರಿದ್ದರು. ಮಾತನ್ನು ಬಾಯಲ್ಲಿ ಕಟ್ಟಿಕೊಂಡೇ ಬಂದಿದ್ದೆ. ಪಂಡಿತರೇ, ಪಾಕ ಸುರಿದದ್ದು ನಾನು. ನಾಲ್ಕೇ ಪದ.

"ಎಲ್ಲಿಗೆ ಹಾಕ್ಯಾರೆ ನಿನ್ನ ಈಗ?" ಎಂದು ಅಮ್ಮ ಕೇಳಿದರು.

"ಜಗಳೂರು ಅಮ್ಮಾ."

"ಜಗಳೂರಾ?" ಅವರ ಹುಬ್ಬು ಮೇಲೇರಿತು. "ಆ ಓಬಿ ಅದೇ ಕಡೆಯೋಳಲ್ವೇನೋ? ನಮ್ ಔಷ್ದಿ ಹಾಳು ಮಾಡಿ ಹೋದ್ಲಲ್ಲ. ಕಂಡ್ಲೇನು ಎಲ್ಲಾದ್ರೂ?"

ಇದಕ್ಕಿಂತ ದೊಡ್ಡ ಬಾಗಿಲನ್ನು ಯಾರೂ ಯಾರಿಗೂ ತೆರೆದುಕೊಡಲಾರರು. ಪಂಡಿತರು ನನ್ನ ಮುಖ ನೋಡುತ್ತಿದ್ದರು. ತೊಳೆಯುವ ಹೆಂಗಸರೂ ನೋಡುತ್ತಿದ್ದರು.

"ಇಲ್ಲಮ್ಮ" ಎಂದೆ. "ಕಂಡಿಲ್ಲ."

"ಸಕ್ಕರೆ ಸಾಕೇನು?" ಎಂದು ಕೇಳಿದರು ಅಮ್ಮ.

ಸಾಕು ಎಂದೆ. ಲೋಟ ಬರಿದಾಗುವ ತನಕ ಕುಡಿದೆ.